ಹಾಕಿಸುವುದು ಮತ್ತು ಹಾಕುವುದು

ಮಸ್ಕಿ, ಲಿಂಗಸುಗೂರು, ಸಿಂಧನೂರುಗಳ ನಡುವಣ ಸೀಮೆಯಲ್ಲಿ ಯಾರದಾದರೊಂದು ಗಣಕಯಂತ್ರ ಮಂಕಾಗಿ, ಗುಂಡಿ ಒತ್ತಿ ಚಹಾ ಕುಡಿದು ಬಂದರೂ ತೆರೆಯ ಮೇಲಿನ ಚಕ್ರ ತಿರುಗುತ್ತಲೇ ಇರುವ ದುರವಸ್ಥೆಗೆ ಇಳಿದಾಗ, ಅದರ ಒಡೆಯನ ಬಾಯಿಂದ ಹೊರಡುವ ಮಾತು ಬಹುಮಟ್ಟಿಗೆ ಒಂದೇ ಆಗಿರುತ್ತದೆ: ‘ಫಾರ್ಮ್ಯಾಟ್ ಹೊಡಸ್ಬೇಕ್ರಿ.’ ಕೆಲವರು ‘ವಿಂಡೋಸ್ ಹಾಕಿಸ್ಬೇಕ್ರಿ’ ಎಂದೂ ಹೇಳುವುದುಂಟು. ಎರಡು ಮಾತಿನಲ್ಲಿಯೂ ಕ್ರಿಯಾಪದವು ಪ್ರೇರಣಾರ್ಥಕ ರೂಪದಲ್ಲಿರುವುದನ್ನು ವಾಚಕರು ಲಕ್ಷಿಸಬೇಕು. ಹೊಡೆಯುವುದಲ್ಲ, ಹೊಡೆಸುವುದು, ಹಾಕುವುದಲ್ಲ, ಹಾಕಿಸುವುದು. ಬಿತ್ತುವುದು, ಹರಗುವುದು, ಕೊಯ್ಯುವುದು ಎಂದು ತನ್ನ ದುಡಿಮೆಗೆಲ್ಲ ಸರಳ ಕ್ರಿಯಾಪದವನ್ನೇ ಬಳಸುವ ಮನೆತನದಲ್ಲಿ ಹುಟ್ಟಿದವನು, ತನ್ನ ಹಣದಿಂದ ಕೊಂಡು ತನ್ನ ಮೇಜಿನ ಮೇಲೆಯೇ ಇರಿಸಿಕೊಂಡ ಯಂತ್ರದ ಪ್ರಸ್ತಾಪ ಬಂದೊಡನೆ ಕರ್ತೃತ್ವವನ್ನು ಇನ್ನೊಬ್ಬನಿಗೆ ಒಪ್ಪಿಸಿ ಕೈಕಟ್ಟಿ ನಿಲ್ಲುತ್ತಾನೆ. ಈ ‘ಇಸು’ ಪ್ರತ್ಯಯವು ಯಂತ್ರದ ಕಾಠಿನ್ಯದಿಂದ ಬಂದುದೋ, ನಮ್ಮ ಅಂಜಿಕೆಯಿಂದ ಬಂದುದೋ, ಅಥವಾ ಹೇಳಿಕೊಡುವವರ ಅಭಾವದಿಂದ ಬಂದುದೋ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ವಿಚಾರಕ್ಕೆ ಮೊದಲು ವಸ್ತುವಿನ ಪರಿಚಯ ಅಗತ್ಯ. ಗಣಕಯಂತ್ರದೊಳಗಿನ ಸಂಸ್ಕಾರಕ, ಸ್ಮೃತಿ, ಡಿಸ್ಕು, ಕೀಲಿಮಣೆ, ತೆರೆ ಇವೆಲ್ಲ ಬಿಡಿಬಿಡಿಯಾದ ಜಡ ಪದಾರ್ಥಗಳು. ಕಾಲುವೆಯ ನೀರನ್ನು ಪಾಳಿಯ ಪ್ರಕಾರ ಮೇಲಿನ ಹೊಲಕ್ಕೂ ಕೆಳಗಿನ ಹೊಲಕ್ಕೂ ಬಿಡುವವನೊಬ್ಬನಿಲ್ಲದಿದ್ದರೆ ಎಡದಂಡೆಯ ನಾಲೆ ಹೇಗೆ ಜಗಳಕ್ಕೆ ಮೂಲವಾಗುವುದೋ ಹಾಗೆ, ಈ ಭಾಗಗಳಿಗೆ ಕಾಲವನ್ನೂ ಸ್ಥಳವನ್ನೂ ಹಂಚಿಕೊಡುವ ಮೇಲ್ವಿಚಾರಕನೊಬ್ಬನಿಲ್ಲದಿದ್ದರೆ ಯಂತ್ರ ನಡೆಯದು. ಆ ಮೇಲ್ವಿಚಾರಕನೇ ಕಾರ್ಯಾಚರಣ ವ್ಯವಸ್ಥೆ. ಜನರ ಬಾಯಲ್ಲಿ ‘ಓಎಸ್’. ವಿಂಡೋಸ್, ಲಿನಕ್ಸ್ ಮೊದಲಾದವು ಅದರ ಪ್ರಭೇದಗಳು. ಅಂಗೈಯಲ್ಲಿರುವ ಮೊಬೈಲಿನೊಳಗೂ ಆಂಡ್ರಾಯ್ಡ್ ಎಂಬ ವ್ಯವಸ್ಥೆ ಇದ್ದೇ ಇದೆ. ಆದರೆ ಅದು ಕಾರ್ಖಾನೆಯಿಂದಲೇ ಪ್ರತಿಷ್ಠಿತವಾಗಿ ಬರುವುದರಿಂದ, ಅದನ್ನು ಹಾಕುವ ಹಾಕಿಸುವ ಪ್ರಶ್ನೆಯೇ ಬಹುಜನರಿಗೆ ಉದ್ಭವಿಸಿಲ್ಲ. ಗಣಕಯಂತ್ರವನ್ನು, ಅದರಲ್ಲಿಯೂ ನಗರದ ಕಚೇರಿಗಳು ಬಳಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ಯಂತ್ರವನ್ನು ಕೊಂಡವನಿಗೆ ಮಾತ್ರ ಈ ಪ್ರಶ್ನೆ ಇಂದೋ ನಾಳೆಯೋ ಎದುರಾಗಲೇಬೇಕು.

ಮೊದಲು ಪೂರ್ವೇತಿಹಾಸವನ್ನು ನೋಡೋಣ. 1981ರಲ್ಲಿ ಐಬಿಎಂ ಸಂಸ್ಥೆಯ ವೈಯಕ್ತಿಕ ಗಣಕದೊಡನೆ ಬಂದ ಡಾಸ್ ವ್ಯವಸ್ಥೆಯ ಕಾಲದಲ್ಲಿ ಸ್ಥಾಪನೆಯೆಂದರೆ ಕಪ್ಪು ತೆರೆಯ ಮೇಲೆ ಆಜ್ಞೆಗಳನ್ನು ಅಕ್ಷರ ತಪ್ಪದೆ ಟೈಪು ಮಾಡುವ ವಿದ್ಯೆಯಾಗಿದ್ದಿತು. ಡಿಸ್ಕನ್ನು ವಿಭಾಗಿಸಲು ಒಂದು ಆಜ್ಞೆ, ಆ ವಿಭಾಗವನ್ನು ಹಸನುಮಾಡಲು ಇನ್ನೊಂದು. ಈ ಎರಡನೆಯದರ ಹೆಸರೇ ಫಾರ್ಮ್ಯಾಟ್. ಆಜ್ಞೆ ಟೈಪು ಮಾಡುವ ಕಾಲ ಕಳೆದು ದಶಕಗಳೇ ಉರುಳಿದರೂ ಆ ಪದ ನಮ್ಮ ಹಳ್ಳಿಗಳ ಆಡುಮಾತಿನಲ್ಲಿ ಇಡೀ ಕಾರ್ಯಕ್ಕೇ ಹೆಸರಾಗಿ ಉಳಿದುಬಿಟ್ಟಿದೆ. 1995ರ ಆಗಸ್ಟ್ 24ರಂದು ಬಿಡುಗಡೆಯಾದ ವಿಂಡೋಸ್ 95, ಸಿಡಿಯಲ್ಲಿ ದೊರೆಯುತ್ತಿದ್ದುದಲ್ಲದೆ 13 ಫ್ಲಾಪಿಗಳ ಕಟ್ಟಾಗಿಯೂ ದೊರೆಯುತ್ತಿದ್ದಿತು. ಒಂದಾದ ಮೇಲೊಂದರಂತೆ ಅವನ್ನು ತುರುಕುತ್ತ ಕುಳಿತವನಿಗೆ ಹನ್ನೊಂದನೆಯದೋ ಹನ್ನೆರಡನೆಯದೋ ಕೆಟ್ಟುಹೋಗಿದ್ದರೆ, ಅದುವರೆಗಿನ ತಪಸ್ಸೆಲ್ಲವೂ ವ್ಯರ್ಥವಾಗುತ್ತಿದ್ದಿತು.

2001ರ ಅಕ್ಟೋಬರ್ 25ರಂದು ಬಂದ ವಿಂಡೋಸ್ ಎಕ್ಸ್‌ಪಿಯೊಡನೆ ಈ ಕಾರ್ಯವು ಒಂದೇ ಸಿಡಿಗೂ 25 ಅಕ್ಷರಗಳ ಒಂದು ಕೀಲಿಗೂ ಇಳಿಯಿತು. ಆದರೆ ಸ್ಥಾಪನೆ ಮುಗಿದ ಮೇಲೆ ಧ್ವನಿ ಕೇಳಿಸದು, ಚಿತ್ರ ದೊಡ್ಡದಾಗಿ ಒರಟಾಗಿ ಕಾಣುವುದು. ತಾಯಿಹಲಗೆಯೊಡನೆ ಕೊಟ್ಟ, ಅದರ ಭಾಗಗಳನ್ನು ನಡೆಸುವ ‘ಡ್ರೈವರ್’ ತಂತ್ರಾಂಶದ ಸಿಡಿ ಕಳೆದುಹೋಗಿದ್ದರೆ ಯಂತ್ರವು ಅರೆಜೀವವಾಗಿಯೇ ಉಳಿಯುವುದು. 2009ರ ವಿಂಡೋಸ್ 7 ಮತ್ತು 2015ರ ವಿಂಡೋಸ್ 10 ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸಿದವು: ಡ್ರೈವರುಗಳಲ್ಲಿ ಹೆಚ್ಚಿನವು ಒಳಗೇ ಬಂದವು, ಉಳಿದವನ್ನು ಯಂತ್ರವೇ ಅಂತರ್ಜಾಲದಿಂದ ತರಿಸಿಕೊಳ್ಳತೊಡಗಿತು. ಇವೆರಡರ ನಡುವೆ 2012ರ ವಿಂಡೋಸ್ 8ರೊಡನೆ, ಸಿಡಿಯೂ ಪೆನ್‌ಡ್ರೈವೂ ಇಲ್ಲದೆ ವ್ಯವಸ್ಥೆಯು ತನ್ನನ್ನು ತಾನೇ ಹೊಸದಾಗಿ ಪ್ರತಿಷ್ಠಾಪಿಸಿಕೊಳ್ಳುವ ಸೌಕರ್ಯ ಬಂದಿತು. ನಮ್ಮಲ್ಲಿ ‘ಫಾರ್ಮ್ಯಾಟ್ ಹೊಡೆಸಲು’ ಒಯ್ಯುವ ಯಂತ್ರಗಳಲ್ಲಿ ಅನೇಕಕ್ಕೆ ಸೆಟ್ಟಿಂಗ್ಸಿನೊಳಗಿನ ಈ ಒಂದು ಗುಂಡಿಯೇ ಸಾಕೆಂಬುದು ತಿಳಿದವರು ಕೆಲವರೇ.

ಸೌಲಭ್ಯದ ಈ ಆರೋಹಣವು 2021ರ ಅಕ್ಟೋಬರ್ 5ರಂದು ವಿಂಡೋಸ್ 11 ಬಂದಾಗ ತಟಕ್ಕನೆ ತಿರುವು ತೆಗೆದುಕೊಂಡಿತು. 95ಕ್ಕೆ 4 ಎಂಬಿ ಸ್ಮೃತಿ ಸಾಕಾಗಿದ್ದರೆ, ಎಕ್ಸ್‌ಪಿಗೆ 64 ಎಂಬಿಯೂ ಇದಕ್ಕೆ 4 ಜಿಬಿಯೂ ಬೇಕು. ಅದು ಕಾಲಧರ್ಮ, ಅದಕ್ಕೆ ಆಕ್ಷೇಪಣೆಯಿಲ್ಲ. ಆದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನ ಅಥವಾ ಅದರ ಈಚಿನ ಸಂಸ್ಕಾರಕವೂ ಇರಲೇಬೇಕೆಂಬ ನಿಯಮದಿಂದ, ನಮ್ಮ ಊರುಗಳ ಸೆಕೆಂಡ್ ಹ್ಯಾಂಡ್ ಯಂತ್ರಗಳಲ್ಲಿ ಅನೇಕವು ಹೊರಗುಳಿದವು. ಮನೆಬಳಕೆಯ ಆವೃತ್ತಿಯನ್ನು ಮೊದಲ ಬಾರಿ ಸಜ್ಜುಗೊಳಿಸುವಾಗ ಅಂತರ್ಜಾಲ ಸಂಪರ್ಕವೂ ಮೈಕ್ರೋಸಾಫ್ಟ್ ಖಾತೆಯೂ ಬೇಕೆಂಬುದು ಮತ್ತೊಂದು ನಿಬಂಧನೆ. ವೈಫೈ ಡ್ರೈವರ್ ಇನ್ನೂ ಕೂಡದ ಯಂತ್ರದಲ್ಲಿ, ಡ್ರೈವರ್ ತರಲು ಜಾಲ ಬೇಕು, ಜಾಲಕ್ಕೆ ಡ್ರೈವರ್ ಬೇಕು ಎಂಬ ಅನ್ಯೋನ್ಯಾಶ್ರಯ ದೋಷ ಇದರಿಂದ ಹುಟ್ಟುತ್ತದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ನಿಂತಿತು. ಹೀಗೆ ಹಳೆಯದಕ್ಕೆ ರಕ್ಷಣೆಯಿಲ್ಲದೆ ಹೊಸದಕ್ಕೆ ಪ್ರವೇಶವಿಲ್ಲದೆ ನಿಂತಿರುವ ಯಂತ್ರದ ಮುಂದೆ ಕುಳಿತಿರುವವನೇ ಇಂದಿನ ನಮ್ಮ ಪ್ರಾರಂಭಿಕ.

ಅವನಿಗೆ ಕಾಣುವ ಎರಡನೆಯ ದಾರಿ ಲಿನಕ್ಸ್. ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆದು ಬಿಟ್ಟ ತಿರುಳಿಗೆ (ಕರ್ನೆಲ್), ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ಉಪಕರಣಗಳು ಕೂಡಿ ಆದ ಈ ವ್ಯವಸ್ಥೆಯನ್ನು ಯಾರು ಬೇಕಾದರೂ ಪಡೆಯಬಹುದು, ಹಂಚಬಹುದು, ತಿದ್ದಬಹುದು. ಕೀಲಿಯ ಕಾಟವಿಲ್ಲ, ಕಳ್ಳತನದ ಪಾಪವಿಲ್ಲ. ಆದರೆ ಪ್ರಾರಂಭಿಕನ ಪಾಲಿಗೆ ಇದು ಬಹುಕಾಲ ದುರ್ಗಮವಾಗಿಯೇ ಇದ್ದಿತು. 1993ರಲ್ಲಿ ಹುಟ್ಟಿದ ಲಿನಕ್ಸ್ ಪ್ರಭೇದಗಳಾದ ಸ್ಲ್ಯಾಕ್‌ವೇರ್ ಮತ್ತು ಡೆಬಿಯನ್‌ಗಳ ಕಾಲದಲ್ಲಿ ಡಿಸ್ಕಿನ ವಿಭಾಗಗಳನ್ನು ಕೈಯಿಂದಲೇ ಗುರುತಿಸಬೇಕಾಗುತ್ತಿದ್ದಿತು. ತೆರೆಯ ಕಂಪನಾಂಕವನ್ನು ತಪ್ಪಾಗಿ ಬರೆದರೆ ಹಳೆಯ ಮಾನಿಟರು ಕೆಡುವ ಭಯವೂ ಇದ್ದಿತು. ನಮ್ಮ ದೇಶದಲ್ಲಿ ‘ಪೀಸಿ ಕ್ವೆಸ್ಟ್’ ಎಂಬ ಇಂಗ್ಲಿಷ್ ಮಾಸಪತ್ರಿಕೆ ತನ್ನ ಸಂಚಿಕೆಯೊಡನೆ ಲಿನಕ್ಸ್ ಸಿಡಿಯನ್ನು ಹಂಚುತ್ತಿದ್ದಿತು. ಅಂತರ್ಜಾಲ ದುರ್ಲಭವಾಗಿದ್ದ ಆ ಕಾಲದಲ್ಲಿ ಅನೇಕ ತರುಣರಿಗೆ ಅದೇ ಮೊದಲ ದರ್ಶನ.

ಈ ದುರ್ಗಕ್ಕೆ ಮೆಟ್ಟಿಲು ಕಡಿದವರು ಹಲವರು. 1999ರಲ್ಲಿ ಕಾಲ್ಡೆರಾ ಸಂಸ್ಥೆಯ ಸ್ಥಾಪಕ ತಂತ್ರಾಂಶವು ಚಿತ್ರಮಯವಾಗಿ ಬಂದು, ಕಡತಗಳು ನಕಲಾಗುವಷ್ಟು ಹೊತ್ತು ಬಳಕೆದಾರನಿಗೆ ಟೆಟ್ರಿಸ್ ಆಟವನ್ನೂ ಒದಗಿಸಿತು. 2000ದಲ್ಲಿ ಜರ್ಮನಿಯ ಕ್ಲಾಸ್ ನಾಪರ್ ಹೊರತಂದ ನಾಪಿಕ್ಸ್, ಡಿಸ್ಕನ್ನು ಮುಟ್ಟದೆಯೇ ಸಿಡಿಯಿಂದಲೇ ಇಡೀ ವ್ಯವಸ್ಥೆಯನ್ನು ನಡೆಸಿ ತೋರಿಸಿತು. ನನ್ನ ಎಣಿಕೆಯಲ್ಲಿ, ಪ್ರಾರಂಭಿಕನಿಗೆ ದೊರೆತ ಮಹೋಪಕಾರಗಳಲ್ಲಿ ಇದೇ ಅಗ್ರಗಣ್ಯ. ಎತ್ತನ್ನು ಕೊಳ್ಳುವ ಮೊದಲು ನೊಗಕ್ಕೆ ಕಟ್ಟಿ ನಾಲ್ಕು ಹೆಜ್ಜೆ ನಡೆಸಿ ನೋಡುವ ಸಂತೆಯ ವಿವೇಕವೇ ಇದರಲ್ಲಿದೆ. 2004ರ ಅಕ್ಟೋಬರಿನಲ್ಲಿ ಬಂದ ಉಬುಂಟು, 2006ರ ತನ್ನ ಆವೃತ್ತಿಯಲ್ಲಿ ಈ ಎರಡನ್ನೂ ಒಂದುಗೂಡಿಸಿ, ನೋಡುವ ಸಿಡಿಯನ್ನೇ ಸ್ಥಾಪಿಸುವ ಸಿಡಿಯನ್ನಾಗಿ ಮಾಡಿತು. 2011ರವರೆಗೆ, ಕೇಳಿದವರ ಮನೆಗೆ ಅಂಚೆಯ ಮೂಲಕ ಉಚಿತವಾಗಿ ಸಿಡಿಯನ್ನು ಕಳುಹಿಸುತ್ತಲೂ ಇದ್ದಿತು. 2006ರಲ್ಲಿಯೇ ಹುಟ್ಟಿದ ಮಿಂಟ್, ವಿಂಡೋಸಿನಿಂದ ಬಂದವನಿಗೆ ಹೊಸ ಊರಿನಲ್ಲಿ ಹಳೆಯ ಬೀದಿಯೇ ಕಾಣುವಂತೆ ತನ್ನ ಮುಖವನ್ನು ತಿದ್ದಿಕೊಂಡಿತು. 2007ರಲ್ಲಿ ನಮ್ಮ ಸಿ-ಡ್ಯಾಕ್ ಸಂಸ್ಥೆಯು ಭಾರತೀಯ ಭಾಷೆಗಳನ್ನು ಲಕ್ಷ್ಯದಲ್ಲಿರಿಸಿ ‘ಬಾಸ್’ ಎಂಬ ಲಿನಕ್ಸನ್ನು ಹೊರತಂದಿತು. ಮುಕ್ತ ತಂತ್ರಾಂಶದ ತತ್ತ್ವನಿಷ್ಠೆಗೆ ಹೆಸರಾದ ಡೆಬಿಯನ್ ಕೂಡ, 2023ರ ಜೂನಿನ ತನ್ನ 12ನೆಯ ಆವೃತ್ತಿಯಲ್ಲಿ ವೈಫೈ ಮೊದಲಾದ ಸಾಧನಗಳಿಗೆ ಬೇಕಾದ, ಮುಕ್ತವಲ್ಲದ ಫರ್ಮ್‌ವೇರನ್ನು ಸ್ಥಾಪಕದೊಳಗೇ ಸೇರಿಸಿಕೊಂಡು, ವೈಫೈ ಇಲ್ಲದೆ ಪರದಾಡುತ್ತಿದ್ದವರಿಗೆ ನೆಮ್ಮದಿಯನ್ನಿತ್ತಿತು.

ಈ ಇತಿವೃತ್ತದಿಂದ ಏರ್ಪಡುವ ಸಿದ್ಧಾಂತ ಸರಳವಾಗಿ ಕಾಣಬಹುದು: ಮೂವತ್ತು ವರ್ಷಗಳಲ್ಲಿ ಸ್ಥಾಪನೆ ಸುಲಭವಾಗಿದೆ. ಯಂತ್ರಜ್ಞರು ಹೀಗೆಯೇ ಹೇಳುತ್ತಾರೆ. ಅರ್ಧಗಂಟೆಯ ಕೆಲಸ, ಐದಾರು ಗುಂಡಿ ಒತ್ತಿದರೆ ಮುಗಿಯಿತು ಎನ್ನುತ್ತಾರೆ. ಅವರ ಮಾತು ಸುಳ್ಳಲ್ಲ. ಆದರೆ ಅವರು ಅಳೆಯುತ್ತಿರುವುದು ಮೊದಲ ತೆರೆಯಿಂದ ಕೊನೆಯ ತೆರೆಯವರೆಗಿನ ದೂರವನ್ನು ಮಾತ್ರ. ಪ್ರಾರಂಭಿಕನ ಯಾತ್ರೆ ಮೊದಲ ತೆರೆಗೆ ಬಹುದೂರ ಹಿಂದೆ ತೊಡಗಿ, ಕೊನೆಯ ತೆರೆಯನ್ನು ದಾಟಿಯೂ ಬಹುದೂರ ಸಾಗುತ್ತದೆ. ಸುಗಮವಾಗಿರುವುದು ನಡುವಣ ದಾರಿ. ಕಲ್ಲುಮುಳ್ಳುಗಳಿರುವುದು ಎರಡು ತುದಿಗಳಲ್ಲಿ.

ಮೊದಲ ತುದಿಯನ್ನು ನೋಡೋಣ. ಸಂತೆಕಲ್ಲೂರಿನಲ್ಲಿ ಪದವಿ ಮುಗಿಸಿದ ತರುಣಿಯೊಬ್ಬಳು ಪಹಣಿ ತೆಗೆಯುವ, ಅರ್ಜಿ ತುಂಬುವ, ಝೆರಾಕ್ಸ್ ಮಾಡಿಕೊಡುವ ಆನ್‌ಲೈನ್ ಸೆಂಟರೊಂದನ್ನು ತೆರೆಯಲೆಂದು ಹಳೆಯ ಯಂತ್ರವೊಂದನ್ನು ಕೊಂಡಳೆಂದು ಭಾವಿಸಿಕೊಳ್ಳಿ. ವ್ಯವಸ್ಥೆಯ ಪ್ರತಿಯನ್ನು ಇಳಿಸಿಕೊಳ್ಳಲು ಅವಳಿಗೆ ಐದಾರು ಜಿಬಿ ಡೇಟಾ ಬೇಕು. ದಿನಕ್ಕೆ ಒಂದೂವರೆ ಅಥವಾ ಎರಡು ಜಿಬಿ ಕೊಡುವ ಮೊಬೈಲ್ ಪ್ಯಾಕಿನವಳಿಗೆ ಅದೇ ಮೂರು ನಾಲ್ಕು ದಿನಗಳ ಬಾಬತ್ತು. ಇಳಿಸಿದ ಕಡತವನ್ನು ಪೆನ್‌ಡ್ರೈವಿಗೆ ಹಾಡಿನಂತೆ ನಕಲು ಮಾಡಿದರೆ ಪ್ರಯೋಜನವಿಲ್ಲ; ರೂಫಸ್, ಎಚರ್, ವೆಂಟಾಯ್ ಮೊದಲಾದ ಉಪಕರಣಗಳಿಂದ ಅದನ್ನು, ಯಂತ್ರ ಅದರಿಂದಲೇ ಏಳುವಂತೆ, ‘ಬೂಟಬಲ್’ ಮಾಡಬೇಕು; ಮತ್ತು ಇದನ್ನು ಮಾಡಲು ಸುಸ್ಥಿತಿಯಲ್ಲಿರುವ ಇನ್ನೊಂದು ಗಣಕಯಂತ್ರ ಬೇಕು! ಅನಂತರ ಯಂತ್ರ ಎಚ್ಚರಗೊಳ್ಳುವ ಎರಡು ಮೂರು ಕ್ಷಣಗಳೊಳಗೆ ಎಫ್2, ಎಫ್12, ಎಸ್ಕೇಪ್ ಅಥವಾ ಡಿಲೀಟ್, ಇವುಗಳಲ್ಲಿ ತಯಾರಕನು ಯಾವುದನ್ನು ಆರಿಸಿದ್ದಾನೋ ಆ ಕೀಲಿಯನ್ನು ಒತ್ತಿ, ಪೆನ್‌ಡ್ರೈವಿನಿಂದ ಏಳಬೇಕೆಂದು ಅದಕ್ಕೆ ತಿಳಿಸಬೇಕು. ಅಲ್ಲಿ ಸೆಕ್ಯೂರ್ ಬೂಟ್ ಎಂಬ ಕಾವಲುಗಾರನು ಕೆಲವು ಪ್ರತಿಗಳನ್ನು ಒಳಬಿಡದೆ ತಡೆಯಬಹುದು. ಗಮನಿಸಿ: ಇಷ್ಟರವರೆಗೆ ಸ್ಥಾಪಕವು ತನ್ನ ಮುಖವನ್ನೇ ತೋರಿಸಿಲ್ಲ. ಅದರ ಸೌಲಭ್ಯವನ್ನು ಎಷ್ಟು ಪರಿಷ್ಕರಿಸಿದರೂ, ಈ ಹಂತದಲ್ಲಿ ಹಿಂದಿರುಗಿದವಳಿಗೆ ಅದರಿಂದ ಯಾವ ಲಾಭವೂ ಇಲ್ಲ.

ಮಧ್ಯದ ಹಂತದಲ್ಲಿ ನಿಜವಾಗಿ ಕಠಿನವಾದ ಪ್ರಶ್ನೆ ಒಂದೇ ಒಂದು. ಕಾಲವಲಯ, ಕೀಲಿಮಣೆ, ಹೆಸರು, ಗುಪ್ತಪದ ಇವುಗಳಲ್ಲಿ ತಪ್ಪಿದರೆ ನಾಳೆ ತಿದ್ದಿಕೊಳ್ಳಬಹುದು. ಆದರೆ ‘ಈ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಸ್ಥಾಪಿಸಲೇ, ಅಥವಾ ಇರುವುದರ ಪಕ್ಕದಲ್ಲಿ ಸ್ಥಾಪಿಸಲೇ?’ ಎಂಬ ಪ್ರಶ್ನೆಗೆ ಕೊಟ್ಟ ಉತ್ತರವು ಬಿಟ್ಟ ಬಾಣದಂತೆ. ವಿಂಡೋಸಿನ ಬಳಕೆಯುಳ್ಳವಳಿಗೆ ಸಿ ಎಂದರೆ ವ್ಯವಸ್ಥೆ, ಡಿ ಎಂದರೆ ಫೋಟೋ ಮತ್ತು ದಾಖಲೆ ಎಂಬ ಎರಡು ಕೋಣೆಗಳ ಕಲ್ಪನೆಯಿರುತ್ತದೆ. ಲಿನಕ್ಸಿನ ಸ್ಥಾಪಕದಲ್ಲಿ ಈ ಅಕ್ಷರಗಳೇ ಇಲ್ಲ, ಬೇರೆ ವಿಧದ ಹೆಸರೂ ಸಂಖ್ಯೆಯೂ ಇರುತ್ತವೆ. ಒಂದೇ ಡಿಸ್ಕಿನ ಎರಡು ಕೋಣೆಗಳಲ್ಲಿ ಒಂದನ್ನು ಮಾತ್ರ ಗುಡಿಸುತ್ತೇನೆಂದು ತಿಳಿದು ಇಡೀ ಮನೆಯನ್ನೇ ಕೆಡವಿಕೊಂಡವರು ಅಸಂಖ್ಯ. ನಮ್ಮ ಊರುಗಳಲ್ಲಿ ಇದರೊಡನೆ ಕರೆಂಟಿನ ಚಿಂತೆಯೂ ಸೇರುತ್ತದೆ. ವಿಭಾಗಗಳನ್ನು ತಿದ್ದುತ್ತಿರುವಾಗಲೇ ವಿದ್ಯುತ್ತು ಹೋದರೆ, ಯುಪಿಎಸ್ ಇಲ್ಲದ ಮೇಜುಗಣಕದ ಗತಿ ಹೇಳತೀರದು.

ಕೊನೆಯ ತುದಿಯ ತೊಡಕುಗಳು ಇನ್ನೂ ಸೂಕ್ಷ್ಮ. ವ್ಯವಸ್ಥೆ ಎದ್ದು ನಿಂತ ಮಾತ್ರಕ್ಕೆ ಅಂಗಡಿ ನಡೆಯದು; ಪ್ರಿಂಟರ್ ಮುದ್ರಿಸಬೇಕು, ಸ್ಕ್ಯಾನರ್ ಓದಬೇಕು, ಆಧಾರ್ ಆಧಾರಿತ ಸೇವೆಗಳಿಗೆ ಬೆರಳಚ್ಚಿನ ಯಂತ್ರ ಒಪ್ಪಬೇಕು. ಹೊಸ ಪ್ರಿಂಟರುಗಳನ್ನು ಎರಡು ವ್ಯವಸ್ಥೆಗಳೂ ಸಾಮಾನ್ಯವಾಗಿ ತಾವಾಗಿಯೇ ಗುರುತಿಸುತ್ತವೆಯಾದರೂ, ಅಂಗಡಿಗಳಲ್ಲಿ ದೀರ್ಘಾಯುಗಳಾಗಿ ಉಳಿದಿರುವ ಕೆಲವು ಹಳೆಯ ಲೇಸರ್ ಯಂತ್ರಗಳು ಲಿನಕ್ಸಿನೊಡನೆ ಮುನಿಸಿಕೊಳ್ಳುತ್ತವೆ. ಬೆರಳಚ್ಚಿನ ಸಾಧನಗಳ ತಂತ್ರಾಂಶವಂತೂ ಬಹುಮಟ್ಟಿಗೆ ವಿಂಡೋಸ್ ಮತ್ತು ಆಂಡ್ರಾಯ್ಡುಗಳಿಗೇ ಮೀಸಲು. ಆದುದರಿಂದ ಆನ್‌ಲೈನ್ ಸೆಂಟರಿನ ಒಡತಿಗೆ ಲಿನಕ್ಸನ್ನು ಕಣ್ಣುಮುಚ್ಚಿ ಶಿಫಾರಸು ಮಾಡುವುದು ಪ್ರಾಮಾಣಿಕತೆಯಾಗದು. ಅದೇ ಯಂತ್ರ ಒಬ್ಬ ವಿದ್ಯಾರ್ಥಿಯದಾಗಿದ್ದರೆ, ಓದು, ಬರೆಹ, ಜಾಲಸಂಚಾರ, ಲೆಕ್ಕ ಇವಿಷ್ಟೇ ಅವನ ಅಗತ್ಯವಾಗಿದ್ದರೆ, ಇದೇ ಶಿಫಾರಸನ್ನು ನಿಸ್ಸಂಕೋಚವಾಗಿ ಮಾಡಬಹುದು.

ಕನ್ನಡದ ಪ್ರಶ್ನೆ ಪ್ರತ್ಯೇಕ ವಿಚಾರಣೆಗೆ ಅರ್ಹ. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಕ್ರಮವಾದ ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆತಿದ್ದರೂ, ಅದು ಸಾಮಾನ್ಯನ ತೆರೆಯ ಮೇಲೆ ಕಾಣಿಸಿಕೊಂಡದ್ದು ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ‘ತುಂಗಾ’ ಅಕ್ಷರವಿನ್ಯಾಸದಿಂದ. ಅದಕ್ಕೆ ಮೊದಲೇ, 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ವೂ, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ, ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಮನೆಮಾತಾಗಿಸಿದ ಇತಿಹಾಸವಿದೆ. ಇದರ ಫಲವಾಗಿ ಕಚೇರಿಗಳಲ್ಲಿಯೂ ಡಿಟಿಪಿ ಅಂಗಡಿಗಳಲ್ಲಿಯೂ ಯೂನಿಕೋಡಲ್ಲದ ಹಳೆಯ ಸಂಕೇತದಲ್ಲಿ ಬರೆದ ಪತ್ರಗಳ ರಾಶಿ ಬೆಳೆಯಿತು. ಹೊಸದಾಗಿ ವ್ಯವಸ್ಥೆ ಹಾಕಿದೊಡನೆ ಆ ಅಕ್ಷರವಿನ್ಯಾಸಗಳು ಮಾಯವಾಗಿ, ಗ್ರಾಮಸಭೆಯ ನಡವಳಿ ಅರ್ಥಹೀನ ಲ್ಯಾಟಿನ್ ಚಿಹ್ನೆಗಳ ಸಾಲಾಗಿ ಕಾಣುವುದನ್ನು ನೋಡಿ ‘ಫೈಲೆಲ್ಲ ಹಾಳಾಯಿತು’ ಎಂದು ಎದೆಗುಂದುವವರಿದ್ದಾರೆ. ಹಾಳಾದದ್ದು ಏನೂ ಇಲ್ಲ. ಆ ಅಕ್ಷರವಿನ್ಯಾಸವನ್ನು ಮತ್ತೆ ಸೇರಿಸಿದರೆ ಅಕ್ಷರಗಳು ಹಿಂದಿರುಗುತ್ತವೆ. ಲಿನಕ್ಸಿನಲ್ಲಿ ಕನ್ನಡ ಟೈಪು ಮಾಡುವುದು ಅಸಾಧ್ಯವೆಂಬ ನಂಬಿಕೆಯೂ ಇಂತಹುದೇ ಭ್ರಮೆ. ಕೀಲಿಮಣೆಯ ಪಟ್ಟಿಯಲ್ಲಿ ಇನ್‌ಸ್ಕ್ರಿಪ್ಟ್ ಮಾತ್ರವಲ್ಲದೆ ‘ಕಗಪ’ (ಕನ್ನಡ ಗಣಕ ಪರಿಷತ್ತು) ವಿನ್ಯಾಸವೂ ಇದೆ, ಹೊರಗಿನಿಂದ ಏನನ್ನೂ ತಂದು ಹಾಕಬೇಕಾಗಿಲ್ಲ. ಇರುವುದನ್ನು ಇದೆಯೆಂದು ಹೇಳುವವರಿಲ್ಲದಿರುವುದೇ ಇಲ್ಲಿಯ ಕೊರತೆ.

ಇನ್ನು ಸ್ಥಾಪಕವು ಆಡುವ ಭಾಷೆ. ಇದಕ್ಕೊಂದು ಹೋಲಿಕೆ ನಮ್ಮ ಹತ್ತಿರದಲ್ಲಿಯೇ ಇದೆ. ಸಂತೆಕಲ್ಲೂರಿನ ನೆರೆಯ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವೊಂದಿದೆ. 1915ರಲ್ಲಿ ಚಿನ್ನದ ಅನ್ವೇಷಣೆಗೆಂದು ಬಂದ ಸಿ. ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಅದು ಬಿದ್ದಿತು, ಮತ್ತು ದೇವಾನಾಂಪ್ರಿಯನೆಂಬ ಬಿರುದಿನ ದೊರೆ ಅಶೋಕನೇ ಎಂಬುದನ್ನು ಹೆಸರು ಹಿಡಿದು ಹೇಳಿ ಅದು ಪ್ರಖ್ಯಾತವಾಯಿತು. ಆ ಶಾಸನದ ತಾತ್ಪರ್ಯಗಳಲ್ಲಿ ಒಂದು ಬಹು ಉದಾತ್ತವಾದುದು: ಶ್ರೇಯಸ್ಸು ದೊಡ್ಡವರಿಗೆ ಮಾತ್ರ ಸಿಕ್ಕುವುದೆಂದು ತಿಳಿಯಬಾರದು, ಶ್ರಮಿಸಿದರೆ ಚಿಕ್ಕವನೂ ಅದನ್ನು ಪಡೆಯಬಲ್ಲನು. ಆದರೆ ಈ ಅಭಯವಚನವನ್ನು ಬರೆದದ್ದು ಪ್ರಾಕೃತದಲ್ಲಿ, ಬ್ರಾಹ್ಮೀ ಲಿಪಿಯಲ್ಲಿ. ಆ ಬಂಡೆಯ ಮುಂದೆ ಶತಮಾನಗಳ ಕಾಲ ದನ ಮೇಯಿಸಿಕೊಂಡು ಹೋದ ಚಿಕ್ಕವರಿಗೆ ತಮ್ಮ ಕುರಿತೇ ಆಡಿದ ಮಾತು ತಿಳಿಯಲಿಲ್ಲ. ಇಂದಿನ ಸ್ಥಾಪಕಗಳೂ ‘ಇದು ಯಾರಿಗಾದರೂ ಸಾಧ್ಯ’ ಎಂದು ಪ್ರಾರಂಭಿಕನಿಗೆ ತಿಳಿಯದ ಭಾಷೆಯಲ್ಲಿಯೇ ಸಾರುತ್ತಿವೆ. ವಿಂಡೋಸಿನಲ್ಲಿ ಕನ್ನಡ ದೊರೆಯುವುದು ಮೊದಲು ಇಂಗ್ಲಿಷಿನಲ್ಲಿ ಸ್ಥಾಪಿಸಿ ಮುಗಿಸಿದ ಮೇಲೆ, ಮೇಲುಹೊದಿಕೆಯಾಗಿ. ಡೆಬಿಯನ್ ಸ್ಥಾಪಕದಲ್ಲಿ ಕನ್ನಡವನ್ನು ಮೊದಲ ತೆರೆಯಲ್ಲಿಯೇ ಆರಿಸಿಕೊಳ್ಳಬಹುದು. ಆದರೆ ಚಿತ್ರಮಯ ಸ್ಥಾಪಕದಲ್ಲಿ ಮಾತ್ರ, ಬರಿಯ ಅಕ್ಷರದ ಸ್ಥಾಪಕದಲ್ಲಿ ನಮ್ಮ ಲಿಪಿ ಮೂಡದು. ಅಲ್ಲಿಯ ಕನ್ನಡವಾದರೂ ‘ವಿಭಾಗೀಕರಣ’ ಮೊದಲಾದ ಶಬ್ದಗಳಿಂದ ಕೂಡಿದರೆ, ಪಾರ್ಟಿಷನ್ ಎಂದು ಕೇಳಿ ಬಲ್ಲವನು ಅಲ್ಲಿಯೂ ತಡವರಿಸಿಯಾನು. ಪ್ರಸ್ತುತ ಲೇಖಕನಂತೆ ತತ್ಸಮ ಶಬ್ದಗಳ ಮೋಹವುಳ್ಳವರು ಈ ಕಾರ್ಯದಲ್ಲಿ ಮಾತ್ರ ಸಂಯಮವನ್ನು ಪಾಲಿಸತಕ್ಕದ್ದು.

ಇಷ್ಟೆಲ್ಲ ತೊಡಕುಗಳ ಫಲವಾಗಿ ನಮ್ಮ ಪಟ್ಟಣಗಳಲ್ಲಿ ‘ಹಾಕಿಕೊಡುವವನು’ ಎಂಬ ವೃತ್ತಿಪರನು ಅವತರಿಸಿದ್ದಾನೆ. ಅವನನ್ನು ಹಳಿಯುವುದು ಅನ್ಯಾಯ. ಕೆಲವು ನೂರು ರೂಪಾಯಿಗೆ ಅವನು ಮಾಡಿಕೊಡುವ ಕೆಲಸದಿಂದಲೇ ಎಷ್ಟೋ ಅಂಗಡಿಗಳು ಮರುದಿನ ಬಾಗಿಲು ತೆರೆಯುತ್ತವೆ. ಆದರೆ ಅವನು ಹಾಕಿಕೊಡುವ ಪ್ರತಿ ಅನೇಕ ವೇಳೆ ನಕಲಿಯಾಗಿರುತ್ತದೆ. ಕೀಲಿಯನ್ನು ಮುರಿಯಲು ಬಳಸುವ ‘ಕ್ರ್ಯಾಕ್’ ತಂತ್ರಾಂಶ ವೈರಸ್ಸಿನ ಹೆಬ್ಬಾಗಿಲು. ನಕಲು ಬಯಲಾದೀತೆಂದು ಅಪ್‌ಡೇಟುಗಳನ್ನು ನಿಲ್ಲಿಸಿ ಕೊಡುವುದು ಕಾವಲುನಾಯಿಯ ಬಾಯಿ ಕಟ್ಟಿದಂತೆ. ಜನರ ಬೆರಳಚ್ಚು, ಆಧಾರ್ ಸಂಖ್ಯೆ, ಬ್ಯಾಂಕಿನ ವಿವರ ಹಾಯ್ದುಹೋಗುವ ಯಂತ್ರದಲ್ಲಿ ಇದು ಒಡೆಯನೊಬ್ಬನ ನಷ್ಟವಾಗಿ ಉಳಿಯದೆ ಊರಿನ ಅಪಾಯವಾಗುತ್ತದೆ. ಹಾಕಿಸಿಕೊಳ್ಳುವವನು ಇದನ್ನು ಕೇಳಿ ತಿಳಿಯುವಷ್ಟಾದರೂ ಕಲಿತಿರಬೇಕು. ಪ್ರತಿ ಅಸಲೋ, ಕಡತಗಳನ್ನು ಬೇರೆಡೆ ಉಳಿಸಿದ್ದಾಯಿತೋ, ಅಪ್‌ಡೇಟು ನಡೆಯುತ್ತಿದೆಯೋ, ಎಂಬ ಮೂರು ಪ್ರಶ್ನೆಗಳೇ ಅವನ ರಕ್ಷಾಕವಚ.

ಕಲಿಕೆ ಸಾಧ್ಯವೇ ಎಂಬ ಸಂದೇಹಕ್ಕೆ ಉತ್ತರ ನಮ್ಮ ನುಡಿಯ ಗಡಿಯಲ್ಲಿಯೇ ಇದೆ. ಕೇರಳ ಸರ್ಕಾರವು 2001ರ ಸುಮಾರಿಗೆ ಆರಂಭಿಸಿದ ‘ಐಟಿ@ಸ್ಕೂಲ್’ ಯೋಜನೆ, ಕೆಲವು ವರ್ಷಗಳಲ್ಲಿಯೇ ಶಾಲೆಗಳನ್ನು ಪೂರ್ಣವಾಗಿ ಮುಕ್ತ ತಂತ್ರಾಂಶದ ಕಡೆಗೆ ತಿರುಗಿಸಿತು. 2017ರಲ್ಲಿ ಅದು ‘ಕೈಟ್’ ಎಂಬ ಸಂಸ್ಥೆಯಾಗಿ ಮುಂದುವರಿದು ಶಾಲೆಗಳಿಗೆಂದೇ ಲಿನಕ್ಸಿನ ಒಂದು ಪ್ರತಿಯನ್ನು ಸಿದ್ಧಪಡಿಸಿ ಕೊಡುತ್ತಿದೆ. ಇದರ ಫಲವನ್ನು ಉಣ್ಣುತ್ತಿರುವವರಲ್ಲಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಇದ್ದಾರೆ. ಗಣಕ ವಿಷಯದ ಪಾಠಪುಸ್ತಕ ಅವರಿಗೆ ಕನ್ನಡದಲ್ಲಿಯೇ ದೊರೆಯುತ್ತದೆ. ಕರ್ನಾಟಕದಲ್ಲಿಯೂ ಐಟಿ ಫಾರ್ ಚೇಂಜ್ ಸಂಸ್ಥೆಯು ಶಿಕ್ಷಣ ಇಲಾಖೆಯೊಡನೆ ನಡೆಸಿದ ವಿಷಯ ಶಿಕ್ಷಕರ ವೇದಿಕೆ ಎಂಬ ಕಾರ್ಯಕ್ರಮದಲ್ಲಿ ಸರ್ಕಾರಿ ಪ್ರೌಢಶಾಲೆಗಳ ಅಧ್ಯಾಪಕರು ಉಬುಂಟುವನ್ನು ಬಳಸಿ, ಜಿಯೋಜೀಬ್ರಾ ಮೊದಲಾದ ಉಪಕರಣಗಳಿಂದ ಪಾಠವನ್ನು ಸಿದ್ಧಪಡಿಸುವುದನ್ನು ಕಲಿತರು. ಈ ಎರಡು ನಿದರ್ಶನಗಳಲ್ಲಿಯೂ ತಂತ್ರಾಂಶವು ಜಗತ್ತಿಗೆಲ್ಲ ದೊರೆಯುವುದೇ. ವಿಶೇಷವಾಗಿದ್ದುದು ಎರಡೇ ಸಂಗತಿ. ಬೇಕಾದುದನ್ನೆಲ್ಲ ಮೊದಲೇ ಕೂಡಿಸಿಟ್ಟ ಒಂದೇ ಪ್ರತಿ ಎಲ್ಲರ ಕೈಯಲ್ಲಿತ್ತು. ಮತ್ತು ಎಡವಿದಾಗ ಕೇಳಲು ಪಕ್ಕದಲ್ಲಿ ಒಬ್ಬ ಮನುಷ್ಯನಿದ್ದನು.

ಇವೆಲ್ಲವನ್ನೂ ತೂಗಿ ನೋಡಿದರೆ, ಸುಲಭವೆಂಬುದರ ಲಕ್ಷಣವನ್ನೇ ಬದಲಿಸಬೇಕಾಗುತ್ತದೆ. ಒತ್ತಬೇಕಾದ ಗುಂಡಿಗಳು ಕಡಿಮೆಯಾಗುವುದು ಸುಲಭದ ಲಕ್ಷಣವಲ್ಲ. ತಪ್ಪಿದವನಿಗೆ ಮರಳುವ ದಾರಿ ಇರುವುದೇ ಅದರ ಲಕ್ಷಣ. ಈಜು ಕಲಿಯುವವನ ಸೊಂಟಕ್ಕೆ ಹಗ್ಗ ಕಟ್ಟಿ ಬಾವಿಗಿಳಿಸುವ ಹಿರಿಯರು ನೀರನ್ನು ಕಡಿಮೆ ಮಾಡುವುದಿಲ್ಲ, ಹಗ್ಗವನ್ನು ಗಟ್ಟಿಯಾಗಿ ಹಿಡಿಯುತ್ತಾರೆ. ಆದುದರಿಂದ ನನ್ನ ನಿರ್ಣಯ ಹೀಗೆ: ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೋ ಪೆನ್‌ಡ್ರೈವಿಗೋ ನಕಲು ಮಾಡಿಟ್ಟವನಿಗೆ ಸ್ಥಾಪನೆ ಸುಲಭ, ಮಾಡದವನಿಗೆ ಎಷ್ಟು ಪರಿಷ್ಕೃತವಾದ ಸ್ಥಾಪಕವೂ ಕಠಿನ. ಹೊಸ ಯಂತ್ರವುಳ್ಳವನೂ ಸರ್ಕಾರಿ ಸೇವೆಗಳ ಅಂಗಡಿಯವನೂ ಅಸಲು ವಿಂಡೋಸಿನಲ್ಲಿರುವುದೇ ಉಚಿತ. ವಿಂಡೋಸ್ 11ಕ್ಕೆ ಅರ್ಹವಲ್ಲದ ಹಳೆಯ ಯಂತ್ರದ ವಿದ್ಯಾರ್ಥಿ, ಮಿಂಟನ್ನೋ ಉಬುಂಟುವನ್ನೋ ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ, ಧ್ವನಿ, ವೈಫೈ, ಪ್ರಿಂಟರ್, ಕನ್ನಡ ನಾಲ್ಕನ್ನೂ ಪರೀಕ್ಷಿಸಿ, ಸರಿಕಂಡರೆ ಸ್ಥಾಪಿಸಲಿ. ಎರಡು ವ್ಯವಸ್ಥೆಗಳನ್ನು ಒಂದೇ ಡಿಸ್ಕಿನಲ್ಲಿರಿಸುವ ಸಾಹಸವನ್ನು ಮಾತ್ರ ಯಾರೂ ಮೊದಲ ದಿನವೇ ಕೈಗೊಳ್ಳಬಾರದು.

ಸಂತೆಕಲ್ಲೂರಿನ ಹೆಸರು ಕನ್ನಡ ನಾಡಿಗೆ ತಿಳಿದಿರುವುದು ಘನಮಠದ ನಾಗಭೂಷಣ ಶಿವಯೋಗಿಗಳಿಂದ. ಹತ್ತೊಂಬತ್ತನೆಯ ಶತಮಾನದ ಆ ಮಹನೀಯರು ಬೇಸಾಯದ ವಿದ್ಯೆಯನ್ನು ಕುರಿತು ‘ಕೃಷಿ ಜ್ಞಾನ ಪ್ರದೀಪಿಕೆ’ ಎಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದರು. ಕೈಯಿಂದ ಕೈಗೆ ಮಾತ್ರ ಹರಿದು ಬರುವ ಕಸುಬಿನ ತಿಳಿವಳಿಕೆಯೂ ಗ್ರಂಥಸ್ಥವಾಗಲು ಯೋಗ್ಯವೆಂದು ಮಠದಲ್ಲಿ ಕುಳಿತವರೊಬ್ಬರಿಗೆ ಆ ಕಾಲದಲ್ಲಿ ತೋರಿದುದು ಸಾಮಾನ್ಯ ಸಂಗತಿಯಲ್ಲ. ಗಣಕಯಂತ್ರದ ಕಸುಬಿಗೆ ಅಂತಹ ದೊಡ್ಡ ಗ್ರಂಥ ಬೇಡ; ಮೂವತ್ತು ಪುಟದ, ಚಿತ್ರಸಹಿತವಾದ ಒಂದು ಕೈಪಿಡಿ ಸಾಕು. ಯಾವ ತಯಾರಕನ ಯಂತ್ರಕ್ಕೆ ಯಾವ ಕೀಲಿ, ಅಳಿಸುವ ಪ್ರಶ್ನೆ ಬಂದಾಗ ಏನನ್ನು ನೋಡಬೇಕು, ನುಡಿಯ ಅಕ್ಷರಗಳನ್ನು ಮರಳಿ ತರುವುದು ಹೇಗೆ, ಎಂಬಿಷ್ಟನ್ನು ಅಂಗಡಿಯವರು ಆಡುವ ಮಾತಿನಲ್ಲಿಯೇ ಅದು ಹೇಳಲಿ. ಅದರೊಡನೆ ಸಿದ್ಧವಾದ ಒಂದು ಪೆನ್‌ಡ್ರೈವು ಪ್ರತಿ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿರಲಿ, ಪುಸ್ತಕದಂತೆಯೇ ಎರವಲಿಗೆ ಸಿಗಲಿ. ಪ್ರೌಢಶಾಲೆಯ ಗಣಕ ಕೋಣೆಯಲ್ಲಿ ವರ್ಷಕ್ಕೊಮ್ಮೆ, ಕೆಟ್ಟರೂ ಚಿಂತೆಯಿಲ್ಲದ ಹಳೆಯ ಯಂತ್ರವೊಂದರ ಮೇಲೆ ಮಕ್ಕಳೇ ವ್ಯವಸ್ಥೆಯನ್ನು ಅಳಿಸಿ ಮರಳಿ ಹಾಕಲಿ. ಇದನ್ನು ಬರೆಯಬಲ್ಲವರು, ಕಲಿಸಬಲ್ಲವರು ನಮ್ಮ ಮೂರು ತಾಲ್ಲೂಕುಗಳಲ್ಲಿಯೇ ಇದ್ದಾರೆ; ಅವರಲ್ಲಿ ಯಾರಾದರೊಬ್ಬರು ಮೊದಲ ಪುಟವನ್ನು ಬರೆಯಲೆಂಬುದೇ ನನ್ನ ವಿಜ್ಞಾಪನೆ. ಒಮ್ಮೆ ತಾನೇ ಹಾಕಿದವನು ಮುಂದೆ ಹಾಕಿಸಿದರೂ, ಏನನ್ನು ಹಾಕಿಸುತ್ತಿದ್ದೇನೆಂದು ತಿಳಿದು ಹಾಕಿಸುತ್ತಾನೆ.